ಮೂರು ವಿಂಡೋಗಳಲ್ಲಿ ಒಬ್ಬ ಅವ್ವ

ಅವತ್ತು ಅಂಗಡಿಯಲ್ಲಿ ಇದ್ದವರು ನಾವು ನಾಲ್ಕೇ ಜನ. ಕಂಪ್ಯೂಟರಿನ ಮುಂದೆ ನಾನು. ನನ್ನ ಬಲಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು. ಅವರ ಹಿಂದೆ, ಕುರ್ಚಿಯ ಬೆನ್ನು ಹಿಡಿದು ನಿಂತ ಅವರ ತಮ್ಮ. ನನ್ನ ಎಡಕ್ಕೆ, ಇನ್ನೂ ಬಿಚ್ಚದ ಪೇಪರ್ ಬಂಡಲಿನ ಮೇಲೆ ಕುಳಿತಿದ್ದ ಹೆಂಗಸು ಅವರಿಬ್ಬರ ತಂಗಿ. ತುರುವೇಕೆರೆ ದಾರಿಯ ಒಂದು ಹಳ್ಳಿಯವರು. ತಂಗಿಯನ್ನು ಕೊಟ್ಟಿದ್ದು ಹುಳಿಯಾರಿನ ಕಡೆಗೆ. ಆ ವಾರವಷ್ಟೇ ಅವರ ತಾಯಿಯನ್ನು ಮಣ್ಣು ಮಾಡಿ ಬಂದಿದ್ದರು.

ತಿಪಟೂರಿನ ಬಸ್ ಸ್ಟಾಂಡಿನ ಪಕ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಫ್ಲೆಕ್ಸು, ಏನು ಬಂದರೂ ಕೂತು ಮಾಡಿಕೊಡುವುದೇ ನನ್ನ ಕಾಯಕ. ಇವರಿಗೆ ಬೇಕಾಗಿದ್ದು ಸೋಮವಾರದ ಶಿವಗಣಾರಾಧನೆಗೆ ಒಂದು ಫ್ಲೆಕ್ಸು. ಹೋದವರ ಹೆಸರಿನಲ್ಲಿ ನೆಂಟರಿಷ್ಟರನ್ನೆಲ್ಲ ಕರೆದು ಊಟ ಹಾಕುವ ದಿನ ಅದು. ಊರ ಬಾಗಿಲಲ್ಲಿ ತಾಯಿಯ ದೊಡ್ಡ ಮುಖ ನಿಲ್ಲಬೇಕು. ಯಾವ ಮುಖ ಅನ್ನುವುದು ಮಾತ್ರ ಮೂವರಲ್ಲೂ ತೀರ್ಮಾನವಾಗಿರಲಿಲ್ಲ.

ನನಗೋ ಬೆಳಗಿನಿಂದ ಬಿಡುವಿಲ್ಲ. ಯಾರೋ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಅವರ ಹಿಂಬಾಲಕರ ಮುಖಗಳನ್ನೆಲ್ಲ ಕೂರಿಸಿ, ಯಾರದು ಯಾರಿಗಿಂತ ಒಂದು ಬೆರಳು ದೊಡ್ಡದಿರಬೇಕು ಅನ್ನುವ ಜಗಳ ಕೇಳಿ ಕೇಳಿ ಕತ್ತು ಕೊರಡಾಗಿತ್ತು. ಕಣ್ಣು ಮುಚ್ಚಿದರೂ ಮುಖಗಳೇ. ಮನೆಗೆ ಹೋಗಿ ಒಂದು ಗಳಿಗೆ ಉದ್ದಕ್ಕೆ ಮಲಗಿದರೆ ಸಾಕಪ್ಪ ಅನ್ನಿಸುತ್ತಿತ್ತು. ಆದರೆ ಸಾವಿನ ಮನೆಯಿಂದ ಬಂದವರನ್ನು ನಾಳೆ ಬನ್ನಿ ಅನ್ನಬಾರದು ಅಂತ ನಮ್ಮಜ್ಜಿ ಹೇಳಿ ಹೋಗಿದ್ದಾಳೆ. ಅವಳ ಮಾತನ್ನು ತೆಗೆದುಹಾಕಲು ನನಗೆ ಈ ವಯಸ್ಸಿನಲ್ಲೂ ಧೈರ್ಯವಿಲ್ಲ.

ಮೂವರೂ ತಮ್ಮ ತಮ್ಮ ಫೋನಿನಿಂದ ಒಂದೊಂದು ಫೋಟೋ ಕಳಿಸಿದರು. ನಾನು ಬಳಸುವ ಪ್ರೋಗ್ರಾಮಿನಲ್ಲಿ ಒಂದೊಂದು ಫೋಟೋ ಒಂದೊಂದು ವಿಂಡೋದಲ್ಲಿ ತೆರೆದುಕೊಳ್ಳುತ್ತದೆ. ಕೊನೆಗೆ ತೆರೆದದ್ದು ಎಲ್ಲಕ್ಕಿಂತ ಮೇಲೆ. ಉಳಿದವು ಅದರ ಹಿಂದೆ, ಕೈಯಲ್ಲಿ ಹಿಡಿದ ಇಸ್ಪೀಟ್ ಎಲೆಗಳ ಹಾಗೆ, ಅಂಚು ಮಾತ್ರ ಕಾಣಿಸಿಕೊಂಡು ನಿಲ್ಲುತ್ತವೆ.

ಮೊದಲು ತೆರೆದದ್ದು ದೊಡ್ಡಣ್ಣನದು. ಅವರ ಹೊಸ ಮನೆಯ ಗೃಹಪ್ರವೇಶದ ದಿನ ತೆಗೆಸಿದ್ದು: ರೇಷ್ಮೆ ಸೀರೆ, ಎರಡೆಳೆ ಸರ, ಗಂಟು ಹಾಕಿದ ಮುಖ. ಅದರ ಮೇಲೆ ತಮ್ಮನದು ಬಂತು. ಹಣೆ ತುಂಬ ವಿಭೂತಿ, ಹಿಂದೆ ಯಾವುದೋ ಬೆಟ್ಟದ ಮೆಟ್ಟಿಲು, ಭುಜದ ಮೇಲೆ ಮಗನ ಕೈ. ಅದರ ಮೇಲೆ ತಂಗಿಯದು. ಮುದುಕಿ ಹಳೇ ನೂಲಿನ ಸೀರೆಯಲ್ಲಿ ಅಟ್ಟದ ಏಣಿಯ ಬುಡದಲ್ಲಿ ಕೂತಿದ್ದಾಳೆ. ಅಟ್ಟದಿಂದ ಇಳಿಸಿದ ಒಂದು ಒಣ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾಳೆ. ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ನಮ್ಮ ಕಡೆ ಎಲ್ಲರೂ ನೋಡುವುದೇ ಹಾಗೆ. ಲೊಡಲೊಡ ಸದ್ದು ಕೇಳಿಸಿರಬೇಕು. ಬಾಯಲ್ಲಿ ಒಂದೂ ಹಲ್ಲಿಲ್ಲದೆ ನಗುತ್ತಿದ್ದಾಳೆ.

"ಇದೇನ್ರೀ, ನಂದು ಹಿಂದಕ್ಕೋಯ್ತು?" ಅಂದರು ದೊಡ್ಡಣ್ಣ.

"ಎಲ್ಲೂ ಹೋಗಿಲ್ಲ ಯಜಮಾನ್ರೇ, ಇಲ್ಲೇ ಇದೆ" ಎಂದು ಅವರದನ್ನು ಮುಂದೆ ತಂದೆ.

"ಅಣ್ಣಂದು ಮುಂದಕ್ಕೆ ಬಂದ್ರೆ ನಮ್ಮವು ಕಾಣಾಕಿಲ್ವಲ್ರೀ" ಅಂದ ತಮ್ಮ.

ಅವನದನ್ನು ತಂದೆ. ತಂಗಿ ತನ್ನ ಫೋಟೋದ ಅಂಚನ್ನೇ ನೋಡುತ್ತ ಕೂತಳು. ಆಕೆಗಾಗಿ ಅದನ್ನು ತಂದೆ. ಹೀಗೆ ಅವ್ವನನ್ನು ಹಿಂದೆ ಮುಂದೆ ಮಾಡಿ ಮಾಡಿ ನನ್ನ ಮಣಿಕಟ್ಟು ಸೋತುಹೋಯಿತು. ತಮ್ಮನ ಫೋಟೋದಲ್ಲಿ ಹೆಗಲ ಮೇಲಿನ ಕೈ ತೆಗೆಯುವುದು ಕಷ್ಟ, ಅದನ್ನಾದರೂ ಮುಚ್ಚೋಣವೆಂದು ಮೌಸಿನ ಬಾಣವನ್ನು ವಿಂಡೋದ ಮೂಲೆಯಲ್ಲಿರುವ ಅಡ್ಡಗೆರೆಗಳ ಕಾಟು ಗುರುತಿಗೆ ಒಯ್ದೆ. ತಂಗಿ ಗಬಕ್ಕನೆ ನನ್ನ ಕೈ ಹಿಡಿದುಕೊಂಡಳು.

"ಅಕ್ಕಯ್ಯ, ಅವ್ವನ ಮಕದ ಮೇಲೆ ಕಾಟು ಹೊಡೀಬ್ಯಾಡ್ರವ್ವ."

"ಮುಚ್ಚೋಕೆ ಇರೋ ಗುರುತು ಅದು ತಾಯಿ. ಫೋಟೋಗೆ ಏನೂ ಆಗಲ್ಲ."

"ಆಗ್ದೆ ಇರ್ಲಿ. ಆದ್ರೂ ಬ್ಯಾಡಿ."

ಆಯಿತು, ಮುಚ್ಚುವುದು ಬೇಡ, ಕೆಳಗಿಡೋಣ ಅಂದುಕೊಂಡು ಪಕ್ಕದ ಸಣ್ಣ ಗೆರೆ ಒತ್ತಿದೆ. ವಿಂಡೋ ಕುಗ್ಗುತ್ತ ಕುಗ್ಗುತ್ತ ಪರದೆಯ ತಳಕ್ಕೆ ಇಳಿದು ಪಟ್ಟಿಯೊಳಗೆ ಸೇರಿಕೊಂಡಿತು. ಮೂವರೂ ಒಟ್ಟಿಗೆ ಉಸಿರೆಳೆದುಕೊಂಡರು. ಈ ಸಲ ಮಾತು ಬಂದದ್ದು ದೊಡ್ಡಣ್ಣನಿಂದ.

"ಏನ್ರೀ ಮೇಡಮ್ನೋರೆ, ಮೊನ್ನೆ ತಾನೆ ನಾವೇ ಕೈಯಾರ ಕೆಳಗಿಳಿಸಿ ಬಂದಿದೀವಿ. ನೀವು ಇನ್ನೊಂದ್ಸಲ ಇಳಿಸ್ತೀರಲ್ಲ!"

ಎಷ್ಟೋ ವರ್ಷಗಳಿಂದ ದಿನಕ್ಕೆ ನೂರು ಸಲ ಒತ್ತುವ ಗುಂಡಿ ಅದು. ಆ ಇಳಿಯುವಿಕೆ ಯಾರಿಗಾದರೂ ಹಾಗೆ ಕಂಡೀತೆಂದು ನನಗೆ ಹೊಳೆದೇ ಇರಲಿಲ್ಲ. ಬೇಗ ಬೇಗ ಅದನ್ನು ಮೇಲಕ್ಕೆ ತಂದೆ. ಮುಚ್ಚುವಂತಿಲ್ಲ, ಇಳಿಸುವಂತಿಲ್ಲ, ಒಂದರ ಹಿಂದೆ ಒಂದು ಇಟ್ಟರೆ ಮುನಿಸು. ಉಳಿದದ್ದು ಒಂದೇ ದಾರಿ. ಪಾಲು ಹಾಕಿಕೊಟ್ಟ ತೋಟದ ಹಾಗೆ ಪರದೆಯನ್ನು ಮೂರು ಮಾಡಿ, ಮೂರು ವಿಂಡೋಗಳನ್ನೂ ಸಾಲಾಗಿ ನಿಲ್ಲಿಸಿದೆ.

ಅವರ ಅವ್ವ ಮೂರು ಕಡೆಯಿಂದ ಅವರನ್ನು ನೋಡಿದಳು.

"ಅಣ್ಣ, ನಿನ್ನ ಫೋಟೋದಾಗೆ ಅವ್ವ ಯಾರಿಗೋ ಬಯ್ಯಾಕೆ ಕಾಯ್ತಾ ಅವ್ಳೆ" ಅಂದ ತಮ್ಮ.

"ನಿನಗೇ ಕಣ್ಲಾ. ಸೀರೆ ಚುಚ್ತದೆ, ಈ ಬಡ್ಡೆತ್ತದು ತಂದ್ಕೊಟ್ಟದ್ದು ಅಂತ ಅವತ್ತೆಲ್ಲ ನಿನ್ನೇ ಬಯ್ಕಂಡು ಕೂತಿದ್ಲು."

ಇಬ್ಬರೂ ನಕ್ಕರು. ತಂಗಿ ನಗಲಿಲ್ಲ.

"ಅಣ್ಣಯ್ಯ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ" ಅಂದಳು. "ಆ ಸೀರೆ ಅವ್ವ ಉಟ್ಟಿದ್ದು ಒಂದು ದಿವ್ಸ. ಕೊನೆಗಾಲ್ದಲ್ಲಿ ಇದ್ದದ್ದೆಲ್ಲ ನಮ್ಮನೇಲಿ. ಸೋಮವಾರ ಬಂದೋರು ರೇಷ್ಮೆ ಸೀರೆ ನೋಡ್ಕಂಡು ಹೋದ್ರೆ, ಅವ್ವ ನಮ್ಮನೇಲಿ ಇದ್ದದ್ದೇ ಸುಳ್ಳಾಗೋಗ್ತದೆ. ನಂಗೆ ತೋಟ ಬ್ಯಾಡ, ಸರ ಬ್ಯಾಡ. ಇದೊಂದು ಕೊಡು."

ದೊಡ್ಡಣ್ಣನ ಮುಖ ಕೆಂಪಾಯಿತು. "ಅಲ್ಲ ಕಣವ್ವ, ಎರಡು ಗಂಡು ಹೆತ್ತೂ ಮಗಳ ಮನೇಲಿದ್ಲು ಅಂತ ಊರ ಬಾಗಿಲಿಗೇ ಬೋರ್ಡು ಹಾಕ್ಸಬೇಕಾ ನಾನು? ಅದೂ ಕಾಯಿ ಕಿವಿಗಿಟ್ಕಂಡಿರೋದು! ನೋಡಿದೋರು ಕೊಬ್ಬರಿ ಮಂಡಿ ಬೋರ್ಡು ಅಂದ್ಕೋತಾರೆ."

ತಂಗಿ ಸೆರಗಿನಿಂದ ಮೂಗೊರೆಸಿಕೊಂಡಳು. ತಮ್ಮ ಬೀದಿ ಕಡೆ ತಿರುಗಿದ. ನನಗೆ ಯಾರ ಪರ ಮಾತಾಡಲೂ ತ್ರಾಣವಿರಲಿಲ್ಲ. ಸುಮ್ಮನೆ ಕೂರಲಾರದೆ, ಇವರ ಫ್ಲೆಕ್ಸಿಗೆಂದು ತೆರೆದಿದ್ದ ವಿಂಡೋ ಹುಡುಕಲು ಒಂದು ಫೋಟೋವನ್ನು ಪಕ್ಕಕ್ಕೆ ಎಳೆದೆ. ಅಲ್ಲಿಗೆ ಮುಗಿಯಿತು. ಬೆಳಗಿನ ಹುಟ್ಟುಹಬ್ಬದ ಫ್ಲೆಕ್ಸು ಹಿಂದೆ ತೆರೆದೇ ಇತ್ತು. ಅದರ ಭಾರಕ್ಕೆ ಇವೂ ಸೇರಿ ನನ್ನ ಮುದಿ ಕಂಪ್ಯೂಟರ್ ಕೈಚೆಲ್ಲಿತು. ಎಳೆದ ದಾರಿಯುದ್ದಕ್ಕೂ ಮುದುಕಿಯ ಮುಖ ಒಂದರ ಮೇಲೊಂದು ಅಂಟಿಕೊಂಡಿತು. ಆಮೇಲೆ ಎಲ್ಲದರ ಮೇಲೂ ತೆಳ್ಳಗೆ ಬಿಳುಪು ಕವಿಯಿತು.

"ಏನಾಯ್ತು? ಅವ್ವ ಮಂಜಾಗ್ಬುಟ್ಲು!" ಅಂದ ತಮ್ಮ.

"ಹ್ಯಾಂಗ್ ಆಯ್ತು. ಆರಿಸಿ ಹಾಕ್ತೀನಿ, ತಡೀರಿ."

ಮತ್ತೆ ಹೊತ್ತಿಕೊಳ್ಳಲು ಅದಕ್ಕೆ ಅದರದೇ ಸಮಯ ಬೇಕು. ಪಕ್ಕದ ಹೋಟೆಲಿನಿಂದ ಟೀ ತರಿಸಿದೆ. ಖಾಲಿ ಪರದೆ ಬಂದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ನೋಡಿ, ಇನ್ನು ಮೂರನ್ನೂ ಒಟ್ಟಿಗೆ ಪರದೆ ಮೇಲೆ ತೆಗೆಯೋ ಶಕ್ತಿ ಇದಕ್ಕೂ ಇಲ್ಲ, ನನಗೂ ಇಲ್ಲ. ಒಂದನ್ನೇ ತೆಗೀತೀನಿ. ಯಾವುದು ಅಂತ ನೀವೇ ಹೇಳಿ."

ತಮ್ಮ ಮೊದಲು ಕೈಬಿಟ್ಟ. "ನಂದು ಬ್ಯಾಡ ಬುಡಿ. ನನ್ನ ಕೈ ಕತ್ತರಿಸೋದೇ ಒಂದು ರಾಮಾಯಣ."

ದೊಡ್ಡಣ್ಣ ಲೋಟವನ್ನು ಎರಡು ಅಂಗೈ ನಡುವೆ ತಿರುಗಿಸುತ್ತ ಬಹಳ ಹೊತ್ತು ಕೂತರು. ತಂಗಿ ಅವರ ಕಡೆ ನೋಡಲಿಲ್ಲ. ಪೇಪರ್ ಬಂಡಲಿನ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಅವಳದೇ ತೆಗೀರಿ" ಅಂದರು ಕೊನೆಗೆ. ನನ್ನನ್ನೂ ನೋಡಲಿಲ್ಲ, ತಂಗಿಯನ್ನೂ ನೋಡಲಿಲ್ಲ. "ಆದ್ರೆ ಕೈಯಾಗಿರೋ ಕಾಯಿ ಅಳಿಸ್ಬುಡಿ. ಅಷ್ಟು ಮಾಡಿಕೊಡಿ."

ತಂಗಿ ತಲೆಯಾಡಿಸಿದಳು. ಪಕ್ಕದ ಗೋಡೆಯ ಬಣ್ಣ ತಂದು ತಂದು ಕಾಯಿಯ ಮೇಲೆ ಹಚ್ಚಿದೆ. ಕಾಯಿ ಮಾಯವಾಯಿತು. ಕೈ ಮಾತ್ರ ಕಿವಿಯ ಹತ್ತಿರ ಹಾಗೆಯೇ ಉಳಿಯಿತು. ದೊಡ್ಡಣ್ಣ ಮುಂದೆ ಬಾಗಿ ನೋಡಿದರು, ಹಿಂದೆ ಸರಿದು ನೋಡಿದರು.

"ಇದೇನ್ಲಾ ಇದು, ಯಾರಿಗೋ ಫೋನ್ ಹಚ್ಕಂಡು ಕೂತಂಗೈತೆ!"

"ಅವ್ವ ಫೋನ್ ಮುಟ್ಟಿದೋಳೇ ಅಲ್ಲ" ಅಂದ ತಮ್ಮ.

"ಮೇಲಿಂದ ನಿಂಗೇ ಹಚ್ತಾವ್ಳೆ ಕಣಣ್ಣ, ಎತ್ಕೋ" ಅಂದಳು ತಂಗಿ. ಅಂದವಳೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ನಗು ಅಳುವಾಯಿತು, ಅಳು ಮತ್ತೆ ನಗುವಾಯಿತು. ದೊಡ್ಡಣ್ಣ ಕಣ್ಣು ಒತ್ತಿಕೊಂಡರು.

"ಕಾಯಿ ಕೊಟ್ಬುಡ್ರೀ ಅವ್ಳಿಗೆ" ಅಂದರು. "ಮಂಡಿ ಬೋರ್ಡೇ ಅನ್ಲಿ ಬುಡಿ."

ಮಾಡಿದ್ದನ್ನೆಲ್ಲ ಹಿಂದಕ್ಕೆ ಪಡೆಯುವ ಗುಂಡಿಯನ್ನು ಒತ್ತುತ್ತ ಹೋದೆ. ಕಾಯಿ ಚೂರುಚೂರಾಗಿ ಮುದುಕಿಯ ಕೈಗೆ ವಾಪಸ್ಸು ಬಂತು. ಕೆಳಗೆ ಹೆಸರು, ಊರು, ಸೋಮವಾರ ಎಂದು ಕೂರಿಸಿ ಪ್ರಿಂಟಿಗೆ ಕಳಿಸಿದೆ. ಅವರು ಹೋದ ಮೇಲೆ ತಲೆಯನ್ನು ಮೇಜಿಗಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದೆ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ನಾನು ಸೇವ್ ಮಾಡಿಕೊಳ್ಳದೆ ಇದ್ದ ಮುಖಗಳನ್ನೆಲ್ಲ ಮತ್ತೆ ಮೊದಲಿಂದ ಕೂರಿಸಬೇಕಾಗಿತ್ತು.

ಕಾರ್ಯದ ಮಾರನೆಯ ದಿನ, ಮಂಗಳವಾರ, ಬಸ್ ಸ್ಟಾಂಡಿನಲ್ಲಿ ಅಣ್ಣತಂಗಿಯರನ್ನು ಕಂಡೆ. ಫ್ಲೆಕ್ಸನ್ನು ಬಿಚ್ಚಿ, ಉದ್ದಕ್ಕೆ ಸುತ್ತಿ, ಎರಡು ಕಡೆ ಹಗ್ಗ ಕಟ್ಟಿ ದೊಡ್ಡಣ್ಣ ಹೆಗಲ ಮೇಲೆ ಹೊತ್ತುಕೊಂಡಿದ್ದರು. ತಂಗಿ ಹುಳಿಯಾರಿನ ಬಸ್ಸು ಹತ್ತಿದಳು. ಫ್ಲೆಕ್ಸು ಸೀಟಿನ ಕೆಳಗೆ ಹಿಡಿಸಲಿಲ್ಲ. ದೊಡ್ಡಣ್ಣ ತಾವೂ ಬಸ್ಸಿನೊಳಗೆ ಹತ್ತಿ ಅದನ್ನು ತಂಗಿಯ ಕಾಲ ನಡುವೆ ನೆಟ್ಟಗೆ ನಿಲ್ಲಿಸಿ, ಕಂಡಕ್ಟರಿಗೆ ಏನೋ ಹೇಳಿ ಇಳಿದರು. ಬಸ್ಸು ಹೊರಟಿತು.