ಗಾಳಿ ಕಾಲಿಗೆ ಇಳಿದ ಚಳಿಗಾಲ

ಮೊನ್ನೆ ಆಸ್ಪತ್ರೆಯ ವಾರ್ಡಿನಲ್ಲಿ ಕರ್ಪೂರದ ಎಣ್ಣೆಯ ವಾಸನೆ ಬಂತು. ನಾನು ಮಂಡಿಚಿಪ್ಪು ಬದಲಿಸಿಕೊಂಡು ಎರಡನೆಯ ದಿನ ಅಂಗಾತ ಬಿದ್ದಿದ್ದೆ. ಆರೈಕೆಗೆ ಬಂದ ಅಕ್ಕನ ಮಗಳು ಶಾಂತಾ, ಚಳಿ ಚಳಿ ಎಂದು ನನ್ನ ತಲೆಗೆ ಮಫ್ಲರ್ ಬಿಗಿದು ಕೂತಿದ್ದಳು. ಪಕ್ಕದ ಹಾಸಿಗೆಯವರು ಯಾರೋ ರೋಗಿಯ ಕಾಲು ತಿಕ್ಕಲು ಮನೆಯಿಂದ ಸೀಸೆ ತಂದು ಮುಚ್ಚಳ ಬಿಚ್ಚಿದ್ದರು. ನರ್ಸ್ ಓಡಿ ಬಂದು ಕಸಿದುಕೊಂಡಳು. ಹಿಂದೆಯೇ ಬಂದ ಡಾಕ್ಟರು ಇಡೀ ವಾರ್ಡಿಗೆ ಕೇಳುವಂತೆ ಪಾಠ ಮಾಡಿದರು: ಮಲಗಿದಲ್ಲೇ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ, ಚಳಿಗಾಲದಲ್ಲಿ ಇಂಥವು ಹೆಚ್ಚು.

ಚಳಿಗಾಲದಲ್ಲಿ ಹೆಚ್ಚಂತೆ! ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಈ ಸುದ್ದಿ ದಾಸನಕೊಪ್ಪದ ಮುದುಕಿಯರಿಗೆ ಅರವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಯಾಕೆ ಹೆಚ್ಚು ಎನ್ನುವುದೊಂದು ಗೊತ್ತಿರಲಿಲ್ಲ. ಅದು ಯಾರಿಗೂ ಗೊತ್ತಾಗದ ಹಾಗೆ ಅವರೂ ನಾನೂ ಸೇರಿ ಎಷ್ಟು ಶ್ರಮಪಟ್ಟೆವು ಎನ್ನುವುದನ್ನು ನಿಮಗೆ ಹೇಳಬೇಕು.

ನಮ್ಮ ಕಡೆ ಮನುಷ್ಯನಿಗೆ ಬರುವ ಸಕಲ ರೋಗಕ್ಕೂ ಕಾರಣ ಗಾಳಿ. ಕುತ್ತಿಗೆ ಹಿಡಿದರೆ ಗಾಳಿ, ಹೊಟ್ಟೆ ಉಬ್ಬಿದರೆ ಗಾಳಿ, ಅಳಿಯ ಸಿಡುಕಿದರೂ ಗಾಳಿ. ಉಸಿರಾಡುವುದಕ್ಕೆ ಬೇಕಾದ ವಸ್ತುವಿನ ಮೇಲೆ ಇಷ್ಟು ಹಗೆ ಸಾಧಿಸಿದ ಜನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಳಿಗೆ ಎಲ್ಲರಿಗಿಂತ ಪ್ರಿಯವಾದವಳು ಬಾಣಂತಿ. ಆದ್ದರಿಂದ ಅವಳ ಕಿವಿಗೆ ಅರಳೆ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಕಿಟಕಿಗೆ ಗೋಣಿತಟ್ಟು. ಇಷ್ಟೆಲ್ಲ ಆದಮೇಲೂ ಅವಳು ನೆಲಕ್ಕೆ ಕಾಲಿಟ್ಟರೆ ಗಾಳಿ ಅಂಗಾಲಿನಿಂದ ಹೊಕ್ಕು ಎದೆಗೆ ಏರುತ್ತದೆ ಎಂಬುದು ಕಾನೂನು.

ಆದರೆ ಕಾನೂನಿಗೂ ಋತುಮಾನ ಉಂಟು, ಕೇಳಿ. ಬೇಸಗೆಯಲ್ಲಿ ಹಡೆದವಳು ಆ ಕೋಣೆಯಲ್ಲಿ ಬೆಂದೇ ಹೋಗುತ್ತಾಳೆಂದು ಐದನೆಯ ದಿನಕ್ಕೇ ಅಂಗಳಕ್ಕೆ ಬಿಡುತ್ತಿದ್ದರು. ಅವಳು ಅತ್ತಿತ್ತ ಓಡಾಡಿಕೊಂಡು ಬದುಕುತ್ತಿದ್ದಳು. ಮಾರ್ಗಶಿರ ಪುಷ್ಯದಲ್ಲಿ ಹಡೆದವಳಿಗೆ ಮಾತ್ರ ನಲವತ್ತು ದಿನ ಹೊರಸೇ ಗತಿ. ಎರಡು ಮೂರು ವರ್ಷಕ್ಕೊಮ್ಮೆ ಅಂಥ ಒಬ್ಬಳು ಎದೆ ಹಿಡಿದುಕೊಂಡು ಹೋಗಿಬಿಡುತ್ತಿದ್ದಳು. ಊರಿನವರು ಕೂತು ವಿಚಾರ ಮಾಡಿ, ಚಳಿಗಾಳಿ ಹೊಕ್ಕಿತು ಎಂದು ತೀರ್ಮಾನಿಸಿ, ಮುಂದಿನ ಬಾಣಂತಿಗೆ ಇನ್ನೊಂದು ಕಂಬಳಿ ಹೆಚ್ಚಿಗೆ ಹೊದಿಸುತ್ತಿದ್ದರು. ಇದಕ್ಕೆ ಅನುಭವ ಎಂದು ಹೆಸರು.

ಇನ್ನು ನನ್ನ ಜ್ಞಾನದ ವಿಷಯ. ಆಗ ನನಗೆ ಇಪ್ಪತ್ತೆರಡು. ಶಿರಸಿಯ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಾಂಪೌಂಡರ್. ದೊಡ್ಡ ಸೀಸೆಯ ಕೆಂಪು ನೀರನ್ನು ಸಣ್ಣ ಸೀಸೆಗೆ ಸುರಿದು, ಗುಟುಕಿನ ಅಳತೆಗೆಂದು ಕಾಗದದ ಪಟ್ಟಿಗೆ ಕತ್ತರಿಯಿಂದ ಕಚ್ಚು ಹಾಕಿ ಅಂಟಿಸಿ, ದಿನಕ್ಕೆ ಮೂರು ಸಲ ಎಂದು ಗಂಭೀರವಾಗಿ ಹೇಳುವುದು ನನ್ನ ಒಟ್ಟು ವಿದ್ಯೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನನ್ನ ಕೊಡದ ತಳ ಒದ್ದೆಯಾಗಿದ್ದರೆ ಹೆಚ್ಚು. ದಾಸನಕೊಪ್ಪದಲ್ಲಿ ಬಸ್ಸಿಳಿದರೆ ಮಾತ್ರ ನಾನು ಡಾಕ್ಟರನೇ. ಅಕ್ಕ ಗಂಗವ್ವನನ್ನು ಅಲ್ಲಿಯ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟಿತ್ತು. ಅವಳ ಅತ್ತೆ ರುದ್ರವ್ವ ಹತ್ತು ಜನರೆದುರು ನನ್ನನ್ನು ಡಾಕ್ಟರಾ ಎಂದೇ ಕರೆಯುತ್ತಿದ್ದಳು. ನಾನು ಬೇಡ ಅನ್ನುತ್ತಿರಲಿಲ್ಲ.

ರಾಜ್ಯ ಒಂದಾದ ಮರುವರ್ಷದ ಚಳಿಗಾಲ ಅಕ್ಕ ಹಡೆದಳು. ನಮ್ಮವ್ವ ತೀರಿಹೋಗಿದ್ದರಿಂದ ತವರಿಗೆ ಕರೆತರುವವರಿರಲಿಲ್ಲ, ಬಾಣಂತನ ಅತ್ತೆಯ ಮನೆಯಲ್ಲೇ. ಅವಳಿಗೆ ತವರು ಎಂದರೆ ನಾನೊಬ್ಬನೇ. ಹದಿಮೂರನೆಯ ದಿನ ರವಿವಾರ ಬಂತು, ನೋಡಲು ಹೋದೆ. ಕೈಯಲ್ಲಿ ದವಾಖಾನೆಯಿಂದ ತಂದ ಕರ್ಪೂರದ ಎಣ್ಣೆಯ ಸೀಸೆ.

ಕೋಣೆಯಲ್ಲಿ ಹೊಗೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ಹೊರಳಿ, ಕಂಬಳಿ ಸರಿಸಿ ಎಡಗಾಲು ತೋರಿಸಿದಳು. ಬಾತು ಮಿರಿಮಿರಿ ಮಿಂಚುತ್ತಿತ್ತು. ಬಲಗಾಲು ಎಂದಿನಂತೆ ಸಣ್ಣಗೇ ಇತ್ತು. ಮೀನಖಂಡ ಸೆಳೆಯುತ್ತದೆ, ಮಲಗಿ ಮಲಗಿ ಸಾಕಾಗಿದೆ ಎಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಅವರ ಮನೆಗೆಲಸದ ದ್ಯಾಮವ್ವ ಇವಳಿಗಿಂತ ಎಂಟು ದಿನ ಮೊದಲು ಹಡೆದವಳು. ನಾಲ್ಕನೆಯ ದಿನಕ್ಕೇ ಬಾವಿಯಿಂದ ನೀರು ಸೇದತೊಡಗಿ, ಈಗ ಇದೇ ಬಾಣಂತಿಗೆ ಎರೆಯಲು ಹಂಡೆ ಕಾಯಿಸುತ್ತಿದ್ದಳು.

“ಆಕಿಗ್ಯಾಕ ಗಾಳಿ ಹೊಗಂಗಿಲ್ಲ?” ಎಂದಳು ಅಕ್ಕ.

ಬಾಗಿಲಲ್ಲಿ ನಿಂತಿದ್ದ ರುದ್ರವ್ವನೇ ಉತ್ತರ ಕೊಟ್ಟಳು: ಅವರ ಮೈಯೇ ಬೇರೆ, ದುಡಿಯುವವರಿಗೆ ಗಾಳಿ ತಾಗುವುದಿಲ್ಲ. ನೋಡಿ, ಸತ್ಯ ಅವಳ ನಾಲಗೆಯ ತುದಿಗೇ ಬಂದಿತ್ತು! ದುಡಿಯುವವರಿಗೆ ತಾಗುವುದಿಲ್ಲ. ಯಾಕೆ ತಾಗುವುದಿಲ್ಲ ಎಂದು ಇನ್ನೊಂದು ಹೆಜ್ಜೆ ಮುಂದಕ್ಕೆ ಯೋಚಿಸಿದ್ದರೆ ಸಾಕಿತ್ತು. ಅಷ್ಟು ದೂರ ನಡೆಯುವ ರೂಢಿ ಆ ಮನೆಯಲ್ಲಿ ಯಾರ ತಲೆಗೂ ಇರಲಿಲ್ಲ, ನನ್ನದಕ್ಕಂತೂ ಮೊದಲೇ ಇಲ್ಲ. ಕಾಲು ಬಾತದ್ದಕ್ಕೂ ಅವಳಲ್ಲಿ ಸಮಾಧಾನ ಸಿದ್ಧವಿತ್ತು.

“ಗಾಳಿ ಎದಿ ಬಿಟ್ಟು ಕಾಲಿಗೆ ಇಳದೈತಿ. ಚಲೋ ಆತು. ಇನ್ನ ತಿಕ್ಕಿ ಹೊರಗ ಹಾಕಿದ್ರಾತು.”

ಅವಳು ಹೋಳಿಗೆ ಬಿಸಿ ಮಾಡಲು ಒಳಗೆ ಹೋದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು.

“ನೀ ದವಾಖಾನ್ಯಾಗ ಇರಾಂವ. ನಿನ್ನ ಮಾತು ಕೇಳ್ತಾರ. ಒಂದು ಮಾತು ಹೇಳಿ ಕೆಳಗ ಇಳಸು ನನ್ನ. ಮೂರು ಹೆಜ್ಜಿ ಅಡ್ಡಾಡ್ತೀನಿ, ಸಾಕು.”

ನಾನು ಏನು ಮಾಡಿದೆ ಅಂತೀರಿ? ನಮ್ಮ ಡಾಕ್ಟರರು ಮಾಡುವ ಹಾಗೆ ಬೆರಳಿನಿಂದ ಕಾಲು ಒತ್ತಿದೆ. ಕುಳಿ ಬಿತ್ತು. ಅವರು ಅನ್ನುವ ಹಾಗೆ ಹೂಂ ಅಂದೆ. ಒಂದೇ ಕಾಲು ಬಾತಿದೆ ಎನ್ನುವುದು ಮನಸ್ಸಿಗೆ ಎಲ್ಲೋ ಚುಚ್ಚಿತು. ಹೋಗಿ ಡಾಕ್ಟರರನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಅಂದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ! ಅಷ್ಟರಲ್ಲಿ ರುದ್ರವ್ವ ತುಪ್ಪ ಸುರಿದ ಎಳ್ಳು ಹೋಳಿಗೆ ತಂದು ಮುಂದಿಟ್ಟು, ಡಾಕ್ಟರ ಏನಂತಾನ ಎಂದು ಕೇಳಿದಳು.

“ಥಂಡಿ ಭಾಳ ಐತಿ ಅಕ್ಕಾ. ಅತ್ತಿ ಹೇಳಿದಂಗ ಮಲ್ಕೊ,” ಎಂದೆ.

ಎಣ್ಣೆಯ ಸೀಸೆ ರುದ್ರವ್ವನ ಕೈಗೆ ಕೊಟ್ಟೆ. ಬೆಚ್ಚಗೆ ಮಾಡಿ ಜಗ್ಗಿ ತಿಕ್ಕಿರಿ ಎಂದು ಹೇಳಿದವನೂ ನಾನೇ. ಅಕ್ಕ ಕಂಬಳಿ ಎಳೆದುಕೊಂಡು ಮತ್ತೆ ಗೋಡೆಯ ಕಡೆ ತಿರುಗಿದಳು. ನಾನು ಎರಡು ಹೋಳಿಗೆ ತಿಂದೆ, ಕಟ್ಟಿಕೊಟ್ಟ ನಾಲ್ಕನ್ನು ಹಿಡಿದುಕೊಂಡು ಬಸ್ಸು ಹತ್ತಿದೆ.

ಬುಧವಾರ ಬಸ್ಸಿನ ಕಂಡಕ್ಟರ ದವಾಖಾನೆಗೇ ಬಂದು ಸುದ್ದಿ ಹೇಳಿದ. ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಂಡು, ಕೂಸಿಗೆ ಮೊಲೆ ಕೊಡಲು ಎದ್ದು ಕೂತವಳು, ಎದೆ ಹಿಡಿಯಿತು ಅಂದಳಂತೆ. ನಾಲ್ಕು ಸಲ ಉಸಿರಿಗೆ ಬಾಯಿ ತೆರೆದಳಂತೆ. ಅಷ್ಟೇ. ನಾನು ಹೋಗುವಷ್ಟರಲ್ಲಿ ಕಿಟಕಿಯ ಗೋಣಿತಟ್ಟು ತೆಗೆದಿದ್ದರು. ಸತ್ತಮೇಲೆ ಅವಳಿಗೆ ಗಾಳಿಯೂ ಸಿಕ್ಕಿತು, ಅಂಗಳವೂ ಸಿಕ್ಕಿತು. ಕೂಸನ್ನು ದ್ಯಾಮವ್ವ ಎದೆಗೆ ಹಾಕಿಕೊಂಡಿದ್ದಳು. ತನ್ನ ಮಗನ ಜೊತೆಗೆ ಅದಕ್ಕೂ ಹಾಲು ಕೊಟ್ಟು ಬದುಕಿಸಿದವಳು ಅವಳೇ, ಗಾಳಿ ತಾಗದವಳು.

ವಾರ ಕಳೆದು ಡಾಕ್ಟರರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ಒಂದೇ ಕಾಲು ಬಾತಿತ್ತೇ, ಅದನ್ನು ತಿಕ್ಕಿದರೇ? ಆಮೇಲೆ ಕನ್ನಡಕ ತೆಗೆದಿಟ್ಟು, ಹೆಪ್ಪುಗಟ್ಟಿದ ರಕ್ತ ಕಾಲಿನಿಂದ ಶ್ವಾಸಕೋಶಕ್ಕೆ ಹೋಗುವುದನ್ನು ಹೇಳಿದರು. ಚಳಿಯಿಂದಲೇ ಆಗುತ್ತದೆಯೇ ಎಂದೆ. ಚಳಿಯದೂ ಸ್ವಲ್ಪ ಪಾಲಿರಬಹುದು, ತನಗೆ ಖಚಿತವಿಲ್ಲ, ಆದರೆ ಚಳಿಗಾಲದಲ್ಲಿ ಯಾರೂ ಹಾಸಿಗೆ ಬಿಟ್ಟು ಏಳುವುದಿಲ್ಲ ಎನ್ನುವುದು ಖಚಿತ ಎಂದರು. ತಿಕ್ಕದಿದ್ದರೂ ಹೋಗುತ್ತಿದ್ದಳೋ ಏನೋ ಎಂದು ಸಮಾಧಾನಕ್ಕೂ ಒಂದು ಮಾತು ಸೇರಿಸಿದರು. ತನಗೆ ಕಲಿಸಿದವರೂ ಬಾಣಂತಿಯರನ್ನು ಹತ್ತು ದಿನ ಕದಲಗೊಡುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಗೊತ್ತಿಲ್ಲ ಅನ್ನಲು ಅವರಿಗೆ ನಾಚಿಕೆಯಿರಲಿಲ್ಲ, ಅದಕ್ಕೇ ಅವರು ಡಾಕ್ಟರು. ಮರುದಿನದಿಂದ ಆ ಎಣ್ಣೆಯ ಸೀಸೆ ತುಂಬುವಾಗೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ನೋಡಿ ನನ್ನ ಪ್ರಾಯಶ್ಚಿತ್ತ!

ದಾಸನಕೊಪ್ಪದಲ್ಲಿ ಗಂಗವ್ವ ಚಳಿಗಾಳಿಗೆ ಸತ್ತಳು ಎಂದೇ ನಿಂತಿತು. ನಾನು ತಿದ್ದಲಿಲ್ಲ. ತಿದ್ದಲು ಹೋದರೆ ಸೀಸೆಯ ಮಾತು ಬರುತ್ತಿತ್ತು. ಗಾಳಿಗೆ ಬಾಯಿಲ್ಲ, ಹೇಳಿದ್ದನ್ನೆಲ್ಲ ಹೊತ್ತುಕೊಳ್ಳುತ್ತದೆ. ಮುದುಕಿಯರನ್ನು ಇಷ್ಟು ಹೊತ್ತು ಹಂಗಿಸಿದೆನಲ್ಲ, ಅವರು ನಂಬಿದ್ದನ್ನು ಹೇಳಿದರು. ನಾನು ನಂಬದೆಯೂ ಸುಮ್ಮನಿದ್ದೆ. ಹೆಚ್ಚಿನ ಹೀನಾಯ ಯಾರಿಗೆ ಸಲ್ಲಬೇಕೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಮೊನ್ನೆ ಪಾಠ ಮುಗಿಸಿದ ಡಾಕ್ಟರು ಮುಂದಿನ ವಾರ್ಡಿಗೆ ಹೋದರು. ನರ್ಸ್, ಮಂಚಿಕೇರಿ ಕಡೆಯ ಹುಡುಗಿ, ನನ್ನ ಹೊದಿಕೆ ಸರಿಸಿ ಎದುರಿಗೆ ಕೋಲು ತಂದಿಟ್ಟಳು. ಶಾಂತಾ ಅವಳ ಕೈ ತಡೆದು, “ಚಳಿ ಭಾಳ ಐತಿ, ಇವತ್ತೊಂದಿನ ಮಲ್ಕೊ ಮಾಮಾ,” ಎಂದಳು. ಹದಿನಾರನೆಯ ದಿನಕ್ಕೆ ತಾಯಿಯನ್ನು ಕಳೆದುಕೊಂಡ ಆ ಕೂಸು ಇವಳೇ. ಇಷ್ಟು ವರ್ಷ ಚಳಿಗೆ ಹೆದರಿ ಕಿವಿ ಕಟ್ಟಿಕೊಂಡೇ ಬದುಕಿದವಳು.

“ಕೆಳಗೆ ಇಳೀರಿ ಅಜ್ಜ,” ಎಂದಳು ನರ್ಸ್.

ಇಷ್ಟೇ ಮಾತು. ಇಪ್ಪತ್ತರ ಆಸುಪಾಸಿನ ಹುಡುಗಿ, ಯಾರ ಮುಖವನ್ನೂ ನೋಡದೆ ಹೇಳಿದಳು. ನಾನು ಮಫ್ಲರ್ ಬಿಚ್ಚಿ ಹಾಸಿಗೆಯ ಮೇಲೆ ಇಟ್ಟೆ. ನೆಲ ಐಸಿನಂತಿತ್ತು. ಒಂದು ಕೈ ಕೋಲಿನ ಮೇಲೆ, ಒಂದು ಕೈ ಶಾಂತಾಳ ಹೆಗಲ ಮೇಲೆ ಇಟ್ಟು ಮೂರು ಹೆಜ್ಜೆ ನಡೆದೆ. ನೋವಿಗೆ ಕಣ್ಣಲ್ಲಿ ನೀರು ಬಂತು. ನೋವಿಗೆ ಎಂದೇ ಇಟ್ಟುಕೊಳ್ಳಿ.

ಅಲ್ಲೇ ನಿಂತು ಹೇಳಿದೆ. ನಿಮ್ಮವ್ವನನ್ನು ಕೊಂದದ್ದು ಚಳಿಯಲ್ಲ ಎಂದು ಶುರುಮಾಡಿ, ಕಾಲು, ಎಣ್ಣೆ, ಹೋಳಿಗೆ, ಅವಳು ಕೈ ಹಿಡಿದು ಬೇಡಿದ್ದು, ನಾನು ಅಂದದ್ದು, ಒಂದನ್ನೂ ಬಿಡಲಿಲ್ಲ. ಶಾಂತಾ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಅವಳ ಹೆಗಲು ನನ್ನ ಕೈಯಡಿಯಲ್ಲಿ ತುಸು ಸರಿಯಿತು. ತಪ್ಪಿಸಿಕೊಳ್ಳುತ್ತಾಳೆ, ಬೀಳುತ್ತೇನೆ ಅಂದುಕೊಂಡೆ. ಬಿದ್ದರೂ ನ್ಯಾಯವೇ.

ಅವಳು ನನ್ನ ಕೈಯನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡಳು.

“ನಾಕನೇ ಹೆಜ್ಜಿ ಇಡು, ಮಾಮಾ,” ಎಂದಳು.