ಅವ್ವ ತಡೆದಿಟ್ಟ ಅಳು

ಕಣ್ಣೊಳಗಿನ ಒತ್ತಡ ಏರುವ ಕಾಚಬಿಂದು ರೋಗದಿಂದ ಅವ್ವನ ಬಲಗಣ್ಣು ಹೋಗಿಯೇಬಿಟ್ಟಿತ್ತು. ಎಡಗಣ್ಣಾದರೂ ಉಳಿಯಲಿ ಎಂದು ಸೊಲ್ಲಾಪುರದ ಡಾಕ್ಟರು ಅದರೊಳಗೆ ಅಕ್ಕಿ ನುಚ್ಚಿನಷ್ಟು ಸಣ್ಣ ಯಂತ್ರ ಕೂಡಿಸಿದರು. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಮನೆಯಲ್ಲಿ ನಾನು ಇನ್ನೊಂದು ಕೈಯಂತ್ರವನ್ನು ಕಣ್ಣಿನ ಹತ್ತಿರ ಹಿಡಿದರೆ ಸಾಕು, ಒಳಗಿನ ಒತ್ತಡ ಎಷ್ಟಿದೆಯೆಂದು ತೋರಿಸುತ್ತಿತ್ತು. ಡಾಕ್ಟರು ತಮಾಷೆಗೆ ಅದನ್ನು ರೋಬೋಟ್ ಅನ್ನುತ್ತಿದ್ದರು. ಅವ್ವನ ಬಾಯಲ್ಲಿ ಅದು ‘ನನ್ನ ಕಣ್ಣಾನ ಹುಳ’.

ಕೆಲವು ವಾರ ಕಣ್ಣು ಒದ್ದೆಯಾಗಬಾರದು ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು. ತಲೆಸ್ನಾನ ಬೇಡವೆಂದು ನಾನು ತಿಳಿದೆ. ಅತ್ತರೂ ಯಂತ್ರ ಕೆಟ್ಟು, ಇದ್ದೊಂದು ಕಣ್ಣೂ ಹೋಗುತ್ತದೆ ಎಂದು ಅವ್ವ ತಿಳಿದಳು. ಅದು ನನಗೆ ಗೊತ್ತಾದದ್ದು ಆಮೇಲೆ.

ಅದೇ ವಾರ ಅಕ್ಕಲಕೋಟೆಯಲ್ಲಿ ಚಿಗವ್ವ, ಅವ್ವನ ಒಬ್ಬಳೇ ತಂಗಿ, ತೀರಿಕೊಂಡಳು. ಸತ್ತ ಮನೆಗೆ ಹೋದ ಹೆಂಗಸರು ಒಬ್ಬರ ಕೊರಳಿಗೊಬ್ಬರು ಬಿದ್ದು, ಹೋದವರ ಗುಣ ಹಾಡಿ ಅಳುವುದು ನಮ್ಮ ಕಡೆಯ ರೂಢಿ. ಚಿಗವ್ವನ ಮಗಳು ‘ದೊಡ್ಡವ್ವಾ’ ಎಂದು ಓಡಿ ಬಂದಳು. ಅವ್ವ ಅವಳನ್ನು ಎರಡೂ ಕೈಯಿಂದ ದೂರ ಹಿಡಿದು, ಮುಖ ಮೇಲೆತ್ತಿ ಜಂತಿ ನೋಡುತ್ತ ನಿಂತುಬಿಟ್ಟಳು. ಒಂದು ಹನಿಯೂ ಇಲ್ಲ.

“ಒಡಹುಟ್ಟಿದಾಕಿ ಅಲ್ಲೇನ್ ಇಕಿ? ಕಲ್ಲ ಎದಿ,” ಅಂದಳೊಬ್ಬಳು.

ನನಗೆ ಮೈ ಉರಿಯಿತು. ಅವಳ ಮೇಲಷ್ಟೇ ಅಲ್ಲ, ಅವ್ವನ ಮೇಲೂ ಸಿಟ್ಟು ಬಂತು. ತಿರುಗಿ ಬರುವಾಗ ಬಸ್ಸಿನಲ್ಲಿ, “ಏನಾಗೇದ ನಿನಗ?” ಎಂದು ಕೇಳಿಯೇಬಿಟ್ಟೆ.

“ಸುಮ್ಕಿರು. ಮಾತಾಡಿದ್ರ ಬಂದ ಬಿಡ್ತದ,” ಎಂದು ಕಿಟಕಿಯ ಕಡೆ ತಿರುಗಿದಳು.

ಮುಂದಿನ ತಪಾಸಣೆಯಲ್ಲಿ ಒತ್ತಡ ಸರಿಯಿತ್ತು. ಅವ್ವ ಡಾಕ್ಟರಿಗೆ ಮೆಲ್ಲಗೆ ಕೇಳಿದಳು: ಇನ್ನು ಅಳಬಹುದೇ? ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. “ಯಂತ್ರ ಕಣ್ಣಿನ ಒಳಗಿದೆ ತಾಯೀ, ಕಣ್ಣೀರು ಅಲ್ಲಿಗೆ ಹೋಗುವುದೇ ಇಲ್ಲ, ನಾನು ಹೇಳಿದ್ದು ಸ್ನಾನದ ನೀರಿನ ಮಾತು,” ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಮನಿಗಿ ಬ್ಯಾಡ. ಅಕ್ಕಲಕೋಟಿ ಬಸ್ ಹತ್ತೂಣ ನಡಿ.”

ಯಾವತ್ತೂ ‘ಬಾ ದೊಡ್ಡವ್ವಾ’ ಅನ್ನುತ್ತಿದ್ದ ಚಿಗವ್ವನ ಮಗಳು ಅವತ್ತು ಬಾಗಿಲು ತೆರೆದು ‘ಬರ್ರಿ’ ಎಂದಷ್ಟೇ ಅಂದು ಪಕ್ಕಕ್ಕೆ ಸರಿದಳು. ಅವ್ವ ಒಳಗೆ ಹೋಗಲಿಲ್ಲ.

“ಅತ್ರ ಕಣ್ಣ ಹೋಗ್ತದಂತ ಅಂಜಿದ್ನೆವ್ವಾ. ಇದ್ದದ್ದೊಂದ ಕಣ್ಣ. ಅದೂ ಹೋದ್ರ ನಿನ್ನ ಮಾರಿ ಹ್ಯಾಂಗ ನೋಡ್ಲಿ? ನಿಮ್ಮವ್ವಂದ ಮಾರಿ ನಿಂದು.”

ಇಬ್ಬರೂ ಹೊಸ್ತಿಲಲ್ಲೇ ಕೊರಳಿಗೆ ಬಿದ್ದರು. ಅವ್ವ ಹಾಡಿ ಅತ್ತ ದನಿ ಕೇಳಿ, ಆ ಮನೆಯಲ್ಲಿ ಮತ್ತೆ ಯಾರೋ ಸತ್ತರೆಂದು ಓಣಿಯ ಮಂದಿ ಓಡಿ ಬಂದರು.