ಅಣ್ಣನ ಜೊತೆ ಮತ್ತೆ ಆ ಬಂದೂಕಿನಾಟ

ನಾವು ಆಡಿ ಬೆಳೆದ ವಿಡಿಯೋ ಗೇಮಿನಷ್ಟು ಕಳಪೆ ಆಟ ಈ ಭೂಮಿಯ ಮೇಲೆ ಇನ್ನೊಂದಿರಲಾರದು. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಮಗ್ಗದಲ್ಲಿ ನೇಯ್ದ ಸೀರೆ ಕೊಟ್ಟು ಬರಲು ಮೈಸೂರಿಗೆ ಹೋದ ಅಪ್ಪ ತಂದ ಪೆಟ್ಟಿಗೆ ಅದು, ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಹಾಕುವಂಥದ್ದು. ಕ್ಯಾಸೆಟ್ಟಿನ ಮೇಲೆ ನೂರು ಆಟ ಎಂದು ಬರೆದಿತ್ತು. ಒಳಗಿದ್ದದ್ದು ಐದೋ ಆರೋ. ಮಿಕ್ಕವೆಲ್ಲ ಅವೇ, ಹೆಸರು ಬದಲಿಸಿಕೊಂಡು ಬಂದವು.

ನಮಗೆ ಬೇಕಾಗಿದ್ದದ್ದು ಒಂದೇ ಆಟ. ಇಬ್ಬರು ಬಂದೂಕು ಹಿಡಿದು ಕಾಡಿನಲ್ಲಿ ಓಡುವುದು. ಅಣ್ಣನದು ಕೆಂಪು ಚಡ್ಡಿ, ನನ್ನದು ನೀಲಿ. ನೆಗೆಯುವ ಬಟನ್ ಒತ್ತಿದರೆ ಅವರು ಯೋಚನೆ ಮಾಡಿ ನೆಗೆಯುತ್ತಿದ್ದರು, ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಿದ್ದರು. ನಮ್ಮ ಗುಂಡು ನಮ್ಮವರಿಗೇ ತಗಲುತ್ತಿತ್ತು. ಇನ್ನು ವೈರಿಗಳೋ, ದೇವರೇ, ಪ್ರತಿ ಸಲವೂ ಅದೇ ಜಾಗದಿಂದ ಅದೇ ಸರದಿಯಲ್ಲಿ ಬರುತ್ತಿದ್ದರು. ಮರದ ಮೇಲಿಂದ ಒಬ್ಬ, ಬಂಡೆಯ ಹಿಂದಿನಿಂದ ಇಬ್ಬರು, ಆಮೇಲೆ ಗುಡಿಸಲಿನಿಂದ ಒಬ್ಬ ದಡಿಯ. ಒಂದು ದಿನವಾದರೂ ಅವರಲ್ಲೊಬ್ಬ ರಜೆ ಹಾಕಿದ್ದು ಕಾಣೆ.

ಈ ಆಟ ಮತ್ತೆ ನೆನಪಾಗಲು ಕಾರಣ ಅಣ್ಣನ ಕಣ್ಣು. ಮದುವೆಯಾಗಿ ಹನೂರು ಸೇರಿದ ನಾನು ಅಲ್ಲೊಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ಅಂಗಡಿಯಲ್ಲಿದ್ದಾಗ ಕೊಳ್ಳೇಗಾಲದಿಂದ ಅತ್ತಿಗೆಯ ಫೋನು ಬಂತು.

"ನಿಮ್ಮಣ್ಣುನ್ಗೆ ಕಣ್ ಸರ್ಯಾಗ್ ಕಾಣ್ತಿಲ್ಲ ಕಣವ್ವ. ಮೊನ್ನೆ ನೇಯ್ದ ಸೀರೇಲಿ ಎರಡ್ ಕಡೆ ಅಂಚೇ ತಪ್ಪೋಗದೆ. ಡಾಕ್ಟ್ರತ್ರ ಓಗವ ಅಂದ್ರೆ ಮೇಲ್ ಬೀಳ್ತರೆ. ನೀನಾರು ಬಂದು ಒಂದ್ಮಾತು ಯೋಳು."

ನನ್ನ ಅಣ್ಣ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಅವನ ಭಯ ಏನೆಂದು ನನಗೆ ಗೊತ್ತಿತ್ತು. ರೇಷ್ಮೆ ಮಗ್ಗ ಬಿಟ್ಟರೆ ಅವನಿಗೆ ಬೇರೆ ಕೆಲಸ ಬಾರದು. ಡಾಕ್ಟರು ನೇಯಬೇಡ ಅಂದುಬಿಟ್ಟರೆ? ಎದುರಿಗೆ ಹೇಳಿದರೆ ಜಗಳವೇ ಗತಿ. ಅದಕ್ಕೆ ನಾನೊಂದು ಕಳ್ಳ ಉಪಾಯ ಹೂಡಿದೆ. ಆಟಕ್ಕೆ ಕೂರಿಸಿ, ಕಾಣುತ್ತಿಲ್ಲ ಎಂದು ಅವನ ಬಾಯಿಂದಲೇ ಹೇಳಿಸಬೇಕು.

ಅಮಾವಾಸ್ಯೆಯ ದಿನ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಯಾರೂ ಮಗ್ಗಕ್ಕೆ ಕೂರುವುದಿಲ್ಲ. ಅವತ್ತು ಬೆಳಿಗ್ಗೆಯೇ ಹೋಗಿ ಇಳಿದೆ.

"ಆಟ ಆಡಕ್ಕೆ ಅನೂರಿಂದ ಬಂದ್ಯಾ? ಅಂಗ್ಡೀಲಿ ಕ್ಯಾಮೆ ಇಲ್ವಾ ನಿಂಗೆ?" ಎಂದು ಗೊಣಗಿದ ಅಣ್ಣ, ತಾನೇ ಅಟ್ಟಕ್ಕೆ ಕೈಹಾಕಿ ಪೆಟ್ಟಿಗೆ ಇಳಿಸಿ, ಪಂಚೆಯಲ್ಲಿ ಧೂಳು ಒರೆಸಿ, ಟಿವಿಗೆ ವೈರು ಸಿಕ್ಕಿಸಲು ನನಗೆ ಕೊಟ್ಟ. ಬಣ್ಣ ಕೊಂಚ ಮಾಸಿತ್ತು, ಅಷ್ಟೇ. ಆಟ ಶುರುವಾಯಿತು.

ನನ್ನ ಉಪಾಯ ಮಣ್ಣುಪಾಲಾಯಿತು. ಅಣ್ಣನ ಒಂದು ಗುಂಡೂ ತಪ್ಪಲಿಲ್ಲ. "ಮರುಕ್ಕೊಬ್ಬ, ಬಂಡೆಗಿಬ್ರು, ಬಾಪ್ಪ ದಡಿಯ" ಎಂದು ಗುನುಗುತ್ತ ಒಬ್ಬೊಬ್ಬನನ್ನೇ ಮಲಗಿಸಿದ. ಅವನು ನೋಡಿ ಹೊಡೆಯುತ್ತಿರಲಿಲ್ಲ, ಎಲ್ಲವೂ ಕೈಗೆ ಬಾಯಿಪಾಠ. ಬಾಗಿಲಲ್ಲಿ ನಿಂತ ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದರು.

"ಕಣ್ ಕಾಣ್ದವ್ನು ಇಂಗಾಡ್ತನಾ?" ಎಂದು ಅಣ್ಣ ಅವರತ್ತ ಮೀಸೆ ತಿರುವಿದ.

ಹಾಗೇ ಸೇತುವೆ ಬಂತು. ನಾವು ಯಾವತ್ತೂ ದಾಟದ ಸೇತುವೆ. ಅದಕ್ಕೆ ಕಾರಣವನ್ನು ಹೇಳಲು ನಾಚಿಕೆಯಾಗುತ್ತದೆ. ಚಿಕ್ಕಂದಿನಲ್ಲಿ ಅಗಲ ಅಂಚಿನ ಸೀರೆ ನೇಯುವಾಗ ಅಣ್ಣ ಅಡ್ಡನೂಲು ಒಯ್ಯುವ ನಡುವಿನ ಲಾಳಿ ಎಸೆಯುತ್ತಿದ್ದ, ಎಡಗಡೆ ಕೂತು ನಾನು ಅಂಚಿನ ಲಾಳಿ ತಳ್ಳುತ್ತಿದ್ದೆ. ಅವನು ಹೂಂ ಎನ್ನುವವರೆಗೆ ನಾನು ಕೈ ಎತ್ತುವಂತಿಲ್ಲ. ನನ್ನ ಲಾಳಿ ದಾಟುವವರೆಗೆ ಅವನು ಎಸೆಯುವಂತಿಲ್ಲ. ಅದೇ ಬುದ್ಧಿ ಆಟಕ್ಕೂ ಬಂದುಬಿಟ್ಟಿತ್ತು. ಅವನದೊಂದು ಗುಂಡು, ಹೂಂ, ನನ್ನದೊಂದು ಗುಂಡು. ಸೇತುವೆಯ ಎರಡೂ ತುದಿಯಿಂದ ನುಗ್ಗುವವರು ನಮ್ಮ ಸರದಿ ಕಾಯುತ್ತಾರೆಯೇ? ನೇಕಾರರ ಮಕ್ಕಳಲ್ಲದೆ ಇನ್ಯಾರೂ ಹೀಗೆ ಸಾಯುತ್ತಿರಲಿಲ್ಲ.

ಈ ಸಲ ನಾನು ಕಾಯಲಿಲ್ಲ.

"ಲೇ ಲೇ, ನಾ ಊಂ ಅನ್ನಗಂಟ ತಡಿ!"

"ತಡಿಯಕ್ಕಿಲ್ಲ ಓಗಣ್ಣ! ನೀನೂ ಒಡಿ!"

ಇಬ್ಬರೂ ಒಟ್ಟಿಗೆ ಒತ್ತಿದೆವು. ಸೇತುವೆ ದಾಟಿದೆವು! ಅಣ್ಣ ನನ್ನ ಬೆನ್ನಿಗೊಂದು ಗುದ್ದಿ, "ಥೂ, ಇಷ್ಟೇನಾ? ಇದ್ಕಾ ಅಷ್ಟ್ ವರ್ಸ ಸತ್ತಿದ್ದು ನಾವು!" ಎಂದು ಬಿದ್ದು ಬಿದ್ದು ನಕ್ಕ. ನಾನೂ ಕೂಗಾಡಿದೆ. ಯಾಕೆ ಬಂದಿದ್ದೆ ಎಂಬುದೇ ಮರೆತುಹೋಗಿತ್ತು. ಅಷ್ಟು ಸಂತೋಷವಾಗಿತ್ತು.

ಸೇತುವೆಯ ಆಚೆ ಒಂದು ಪಾಳು ಕೋಟೆ. ಇಬ್ಬರೂ ಮೊದಲ ಸಲ ಕಾಣುತ್ತಿದ್ದ ಜಾಗ. ಕೆಂಪು ಚಡ್ಡಿಯವನು ಗೋಡೆಗೆ ಮುಖ ಒತ್ತಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ತಿರುಗಿ ಹೊಡೆದ. ಬಿದ್ದವನು ನನ್ನವನು.

"ಅಣ್ಣ, ಅದು ನಾನು."

ನನ್ನವನು ಎದ್ದು ಬಂದ. ಮತ್ತೆ ಹೊಡೆದ. ಮೂರನೆಯ ಸಲವೂ ಹೊಡೆದಾಗ ನನಗೆ ಸಿಟ್ಟು ನೆತ್ತಿಗೇರಿತು. "ಬೇಕಂತ ಒಡಿತಿದ್ದೀಯಾ?" ಎಂದು ತಿರುಗಿದೆ. ಅಣ್ಣ ಟಿವಿಯ ಹತ್ತಿರ ಹತ್ತಿರ ಸರಿದಿದ್ದ. ಕೋಳಿಯ ಹಾಗೆ ಕತ್ತು ವಾಲಿಸಿ, ಒಂದೇ ಕಣ್ಣಿನಲ್ಲಿ ಪರದೆಯನ್ನು ತಡಕುತ್ತಿದ್ದ.

"ನೀನ್ ಎಲ್ಲಿದ್ದೀಯಮ್ಮಿ?" ಎಂದ, ಮೆಲ್ಲಗೆ.

"ನೀಲಿ ಕಣಣ್ಣ. ಯಾವಾಗ್ಲೂ ನೀಲೀನೇ ಅಲ್ವಾ."

"ನೀಲಿ ಅನ್ನದು ಗೊತ್ತು. ಎಲ್ಲಿದ್ದೀಯೆ ಅಂತ ಕೇಳ್ದೆ."

ನಾನು ಬಯಸಿದ ಮಾತು ಅವನ ಬಾಯಿಂದ ಬಂದಿತ್ತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹೀಗೆ ಮೋಸದಿಂದ ಹಿಡಿದ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಅಳು ಬಂತು. ಅತ್ತಿಗೆ ಆಗಲೇ ಸೆರಗು ಬಾಯಿಗಿಟ್ಟುಕೊಂಡಿದ್ದರು.

ಅಣ್ಣ ಕೈಲಿದ್ದ ಆಟದ ರಿಮೋಟನ್ನು ಚಾಪೆಯ ಮೇಲಿಟ್ಟ. "ನೇಯ್ಬ್ಯಾಡ ಅಂದ್ಬುಟ್ರೆ ಏನ್ ಮಾಡ್ಲಮ್ಮಿ ನಾನು?"

ಹಾಗೆಲ್ಲ ಅನ್ನುವುದಿಲ್ಲ ಎಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಗೊತ್ತಿಲ್ಲ ಕಣಣ್ಣ. ಏನಂದ್ರೂ ನಾ ಪಕ್ದಲ್ಲೇ ಕೂತಿರ್ತೀನಿ" ಎಂದೆ.

ಅವನು ಟಿವಿ ಆರಿಸಿದ. ಆಮೇಲೆ ಅತ್ತಿಗೆಗೆ, "ನಾಳಿಕೆ ಮೊದುಲ್ನೆ ಬಸ್ಸಿಗೇ ಓಗವ. ಈಗ ಇಟ್ಟಿಕ್ಕು" ಎಂದ.

ಊಟಕ್ಕೆ ಎದ್ದೆವು. ನಡುಮನೆಯಿಂದ ಅಡುಗೆಮನೆಗೆ ಒಂದೇ ಒಂದು ಮೆಟ್ಟಿಲು ಇಳಿಯಬೇಕು. ಅವನು ಹುಟ್ಟಿ ಬೆಳೆದ ಮನೆ, ನಡುಮಧ್ಯಾಹ್ನದ ಬೆಳಕು. ಆ ಮೆಟ್ಟಿಲ ಹತ್ತಿರ ಅಣ್ಣ ನಿಂತ, ಕೈ ಚಾಚಿ ತಡಕಿ ನನ್ನ ಹೆಗಲು ಹಿಡಿದುಕೊಂಡ.